ನೇತ್ರಾಣಿಯಲ್ಲಿ ಸ್ನಾರ್ಕ್ಲಿಂಗ್ ಮಾಡಲು ಗುಂಪಿಗೆಂದೇ ಇಡೀ ದೋಣಿ ಕಾದಿರಿಸುವುದು ಹೇಗೆ?

ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೆಚ್ಚಾಗಿ ಡೈವಿಂಗ್ ಸಂಸ್ಥೆಗಳ ಮೋಟಾರು ದೋಣಿಗಳೇ ಹೋಗುವುದರಿಂದ, ಐಷಾರಾಮಿ ಯಾಟ್ ನಿರೀಕ್ಷಿಸದೆ, ಅವರಲ್ಲೇ ಇಡೀ ದೋಣಿಯನ್ನು ಕೇಳಿ ದಿನ ಗೊತ್ತುಪಡಿಸಿಕೊಳ್ಳಿ. ಮಳೆಗಾಲದಲ್ಲಿ ಪ್ರವಾಸ ಇರುವುದಿಲ್ಲ. ನೌಕಾಪಡೆಯ ಗುರಿ ಅಭ್ಯಾಸವಿರುವಾಗಲೂ ದ್ವೀಪದತ್ತ ದೋಣಿ ಬಿಡುವುದಿಲ್ಲವಾದ್ದರಿಂದ, ರದ್ದಾದರೆ ಹಣ ಮರಳುವುದೋ, ಬೇರೆ ದಿನ ಸಿಗುವುದೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ದೋಣಿಗೆ ಅನುಮತಿಸಿರುವ ಪ್ರಯಾಣಿಕರ ಮಿತಿ, ತಲೆಗೊಂದರಂತೆ ಲೈಫ್ ಜಾಕೆಟ್, ಈಜು ಬಾರದವರೊಂದಿಗೆ ನೀರಿಗಿಳಿಯುವ ಮಾರ್ಗದರ್ಶಕರ ಸಂಖ್ಯೆ, ಇವನ್ನು ದರ ಚೌಕಾಸಿಗಿಂತ ಮೊದಲು ವಿಚಾರಿಸುವುದು ಒಳ್ಳೆಯದು. ಹೋಗುವ ದಾರಿಗಿಂತಲೂ ಲಂಗರು ಹಾಕಿ ನಿಂತ ದೋಣಿಯ ಓಲಾಟವೇ ಹಲವರಿಗೆ ವಾಂತಿ ತರಿಸುತ್ತದೆ. ಆದ್ದರಿಂದ ವೈದ್ಯರನ್ನು ಕೇಳಿ ಹೊರಡುವ ಮುನ್ನವೇ ಮಾತ್ರೆ ತೆಗೆದುಕೊಳ್ಳಿ, ಬೆಳಿಗ್ಗೆ ಇಡ್ಲಿಯಷ್ಟೇ ಸಾಕು (ಗೋಳಿಬಜೆ ಸಂಜೆಗಿರಲಿ).