ಬಾಳೆಯ ಕುಲ ಕೇಳಬೇಕಾದರೆ ಎಲೆಯ ದಂಟು ನೋಡಿ

ಪ್ರಶ್ನೆ: ಮಗಳ ಪ್ರಾಜೆಕ್ಟಿಗೆಂದು ಬಾಳೆಯ ವೈಜ್ಞಾನಿಕ ಹೆಸರು ಹುಡುಕಿದೆ. ಒಂದು ಪುಸ್ತಕದಲ್ಲಿ ಮ್ಯೂಸಾ ಪ್ಯಾರಡಿಸಿಯಾಕ, ಇನ್ನೊಂದರಲ್ಲಿ ಮ್ಯೂಸಾ ಸೇಪಿಯೆಂಟಮ್, ಮತ್ತೊಂದರಲ್ಲಿ ಸುಮ್ನೆ ‘ಎಎಬಿ’ ಅಂತಿದೆ. ಅಡುಗೆ ಬಾಳೆ, ಹಣ್ಣಿನ ಬಾಳೆ ಬೇರೆ ಬೇರೆ ಪ್ರಭೇದಗಳೇ?

ಉತ್ತರ: ಅಲ್ಲ. ಆ ಎರಡು ಹೆಸರುಗಳ ಗೊಂದಲ ಗಿಡಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್‌ನದು. 1753ರಲ್ಲಿ ಬೇಯಿಸಿ ತಿನ್ನುವ ಬಾಳೆಗೆ ಪ್ಯಾರಡಿಸಿಯಾಕ ಎಂದ, 1759ರಲ್ಲಿ ಹಣ್ಣಿನ ಬಾಳೆಗೆ ಸೇಪಿಯೆಂಟಮ್ ಎಂದ. ಆದರೆ ಅವೆರಡೂ ಬೆರಕೆ ತಳಿಗಳು. ಅವುಗಳ ಮೂಲ ಎರಡು ಕಾಡುಬಾಳೆಗಳು: ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ. ಅವಕ್ಕೆ ಹೆಸರು ಬಿದ್ದದ್ದೇ 1820ರಲ್ಲಿ. ಪಾಪ, ಲಿನೇಯಸ್ ಏನು ಮಾಡಿಯಾನು?

1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ಒಂದು ಚೆಂದದ ದಾರಿ ಹುಡುಕಿದರು. ಗಿಡದ 15 ಲಕ್ಷಣ ನೋಡುವುದು. ಅಕ್ಯುಮಿನೇಟಾ ತರ ಇದ್ದರೆ 1 ಅಂಕ, ಬಾಲ್ಬಿಸಿಯಾನಾ ತರ ಇದ್ದರೆ 5, ನಡುವೆ ಇದ್ದರೆ ಅದಕ್ಕೆ ತಕ್ಕಂತೆ. ಕೂಡಿದರೆ 15ರಿಂದ 75ರೊಳಗೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಯಾರ ಪಾಲು ಜಾಸ್ತಿ ಅಂತ ಅಲ್ಲೇ ಗೊತ್ತಾಗುತ್ತದೆ. ನೀವು ಕಂಡ ಅಕ್ಷರಗಳು ಇವೇ: ‘ಎ’ ಅಂದರೆ ಅಕ್ಯುಮಿನೇಟಾದಿಂದ ಬಂದ 11 ಕ್ರೋಮೋಸೋಮುಗಳ ಒಂದು ಸೆಟ್, ‘ಬಿ’ ಅಂದರೆ ಬಾಲ್ಬಿಸಿಯಾನಾದಿಂದ ಬಂದದ್ದು. ಎಎಬಿ ತಳಿಯಲ್ಲಿ ಮೂರು ಸೆಟ್, ಒಟ್ಟು 33.

ಆ ಹದಿನೈದರಲ್ಲಿ ಎಲೆಯ ದಂಟನ್ನು ಮಗಳೇ ಪರೀಕ್ಷಿಸಬಹುದು. ಬೆಳೆದ ಎಲೆಯ ದಂಟನ್ನು ಅಡ್ಡಕ್ಕೆ ಕೊಯ್ದು ಕೊಯ್ದ ಕಡೆಯಿಂದ ನೋಡಲಿ. ಮೇಲ್ಗಡೆಯ ಕಾಲುವೆ ಅಗಲವಾಗಿ ತೆರೆದು ಅಂಚು ಹೊರಕ್ಕೆ ಚಾಚಿದ್ದರೆ ಅಕ್ಯುಮಿನೇಟಾದ ಗುಣ. ಅಂಚುಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿದ್ದರೆ ಬಾಲ್ಬಿಸಿಯಾನಾದ್ದು. ಆಮೇಲೆ ಗೊನೆಯ ತುದಿಯ ಮೂತಿ ನೋಡಲಿ. ಕೆಂಪು ಎಸಳು ಬಿಚ್ಚಿ ಹಿಂದಕ್ಕೆ ಸುರುಳಿ ಸುತ್ತಿದರೆ ‘ಎ’ ಕಡೆ, ಸುಮ್ನೆ ಮೇಲೆದ್ದು ಹಾಗೇ ನಿಂತರೆ ‘ಬಿ’ ಕಡೆ. ಬೆರಕೆಯಲ್ಲಿ ಎರಡೂ ಗುಣ ಅರ್ಧರ್ಧ ಕಾಣಬಹುದು, ಅದಕ್ಕೇ ಒಂದೇ ಲಕ್ಷಣ ನೋಡಿ ತೀರ್ಪು ಕೊಡಬೇಡಿ.

ಆದರೆ ಯಾವುದನ್ನು ಬೇಯಿಸಬೇಕು ಅನ್ನೋದನ್ನು ಈ ಅಕ್ಷರಗಳು ಹೇಳುವುದಿಲ್ಲ. ಬೇಯಿಸಿ ತಿನ್ನುವ ಪ್ಲಾಂಟೇನ್ ಗುಂಪು ಎಎಬಿ ನಿಜ, ಆದರೆ ಹಣ್ಣಾಗಿ ತಿನ್ನುವ ಎಎಬಿಗಳೂ ಇವೆ. ಪೂರ್ವ ಆಫ್ರಿಕಾದ ಎತ್ತರದ ನಾಡಿನ ಅಡುಗೆ ಬಾಳೆ ಎಎಎ. ಸಿಹಿ ಹಣ್ಣಿನ ಕ್ಯಾವೆಂಡಿಶ್ ಕೂಡ ಎಎಎ! ಪ್ರಾಜೆಕ್ಟಿನಲ್ಲಿ ಎ-ಬಿ ಬೆರಕೆಗೆಲ್ಲ ಮ್ಯೂಸಾ × ಪ್ಯಾರಡಿಸಿಯಾಕ (× ಅಂದರೆ ಬೆರಕೆ) ಎಂದು ಬರೆದು, ಪಕ್ಕದಲ್ಲಿ ತಳಿಯ ಹೆಸರು, ಅಕ್ಷರ ಹಾಕಲಿ. ಸೇಪಿಯೆಂಟಮ್ ಬಿಟ್ಟುಬಿಡಲಿ.

ಪ್ರಶ್ನೆ: ಬಾಳೆ ಮರ ಅಲ್ಲವಂತೆ, ಹೌದೇ?

ಉತ್ತರ: ಹೌದು. ಕಾಂಡದಂತೆ ಕಾಣುವುದು ಒಂದರ ಮೇಲೊಂದು ಬಿಗಿದ ಎಲೆಯ ಬುಡಗಳು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಹೂ ಬಿಡುವ ಹೊತ್ತಿಗೆ ಅದು ನಡುವಿನಿಂದ ಮೇಲೇಳುತ್ತದೆ, ಅದೇ ದಿಂಡು. ಗೊನೆ ಬಿಟ್ಟ ಮೇಲೆ ಆ ಗಿಡ ಸಾಯುತ್ತದೆ, ಬುಡದ ಕಂದು ಮುಂದುವರಿಯುತ್ತದೆ. ಶುಂಠಿ, ಅರಿಸಿನ, ಏಲಕ್ಕಿಗೆ ದೂರದ ನೆಂಟ, ಅಷ್ಟೆ.

ಪ್ರಶ್ನೆ: ಹಣ್ಣಿನೊಳಗಿನ ಕಪ್ಪು ಚುಕ್ಕೆ ಬಿತ್ತಿದರೆ ಗಿಡ ಬರುತ್ತಾ?

ಉತ್ತರ: ಬರಲ್ಲ. ಅವು ಬೀಜವಾಗದೇ ಉಳಿದ ಅಂಡಕಗಳು. ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ ಮೂರು ಸೆಟ್ ಕ್ರೋಮೋಸೋಮು, ಅವು ಸಮನಾಗಿ ಹಂಚಿಕೊಳ್ಳಲಾರವು, ಹಾಗಾಗಿ ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಹಣ್ಣು ತಿರುಳು ತುಂಬಿಕೊಳ್ಳುತ್ತದೆ. ಕಾಡುಬಾಳೆ ಸಿಕ್ಕರೆ ಬಿತ್ತಿ ನೋಡಿ, ಅದರಲ್ಲಿ ಕಲ್ಲಿನಂಥ ಬೀಜಗಳೇ ಜಾಸ್ತಿ, ತಿನ್ನಲು ತಿರುಳೇ ಕಮ್ಮಿ.