ಎಸ್‌ಎಟಿ, ಎಪಿ ಅಂಕ: ಎಲ್ಲಿ ಲೆಕ್ಕಕ್ಕೆ ಬರುತ್ತೆ, ಎಲ್ಲಿ ಬರಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಕಾಲೇಜು ಪ್ರವೇಶದ ಪರೀಕ್ಷೆಗಳ ಬಗ್ಗೆಯೇ ಇದ್ದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಎಸ್‌ಎಟಿ ಅಂದರೆ ಕಾಲೇಜು ಪ್ರವೇಶಕ್ಕೆ ಬರೆಯುವ, 1600 ಅಂಕಗಳ ಇಂಗ್ಲಿಷ್ ಮತ್ತು ಗಣಿತದ ಪರೀಕ್ಷೆ. ಎಪಿ ಅಂದರೆ ಹೈಸ್ಕೂಲಿನಲ್ಲೇ ಒಂದೊಂದು ವಿಷಯದಲ್ಲಿ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಅದರಲ್ಲಿ 1ರಿಂದ 5ರವರೆಗೆ ಅಂಕ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು ಈ ವರ್ಷ 12ನೇ ತರಗತಿ. ಎಸ್‌ಎಟಿಯಲ್ಲಿ 1410 ಬಂದಿದೆ. ಬರ್ಕ್ಲಿ, ಸ್ಯಾನ್ ಡಿಯಾಗೊ, ಯೇಲ್, ಜೊತೆಗೆ ನಾಲ್ಕೈದು ಖಾಸಗಿ ಕಾಲೇಜುಗಳಿಗೆ ಅರ್ಜಿ ಹಾಕ್ತಾಳಂತೆ. ಅಂಕ ಕಳಿಸಬೇಕಾ, ಬೇಡ್ವಾ? ‘ಆಪ್ಷನಲ್’ ಅಂತ ಬರೆದಿದ್ದರೂ ಕಳಿಸದಿದ್ದರೆ ಅನುಮಾನ ಪಡ್ತಾರೆ ಅಂತ ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ ಹೆದರಿಸ್ತಾರೆ.

ಉತ್ತರ: ಮೊದಲು ಆ ಕಾಲೇಜುಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಬರ್ಕ್ಲಿ, ಸ್ಯಾನ್ ಡಿಯಾಗೊ ಎರಡೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಸೇರಿದವು. ಪ್ರವೇಶ ಕೊಡುವಾಗ ಅಲ್ಲಿ ಎಸ್‌ಎಟಿಯನ್ನು ನೋಡುವುದೇ ಇಲ್ಲ. 2020ರ ಮೇ ತಿಂಗಳಲ್ಲಿ ಅದರ ಆಡಳಿತ ಮಂಡಳಿ ಪರೀಕ್ಷೆಯನ್ನು ಕೈಬಿಡಲು ತೀರ್ಮಾನಿಸಿತು. ಮರುವರ್ಷ ಒಂದು ಮೊಕದ್ದಮೆಯ ರಾಜಿಯಿಂದ ಅದು ಇನ್ನೂ ಗಟ್ಟಿಯಾಯಿತು. 1410 ಇದ್ದರೂ ಒಂದೇ, 1600 ಇದ್ದರೂ ಒಂದೇ. ಕನಿಷ್ಠ ಅರ್ಹತೆ ತೋರಿಸೋಕೆ, ಇಲ್ಲವೇ ಸೇರಿದ ಮೇಲೆ ಯಾವ ಕೋರ್ಸಿನಿಂದ ಶುರುಮಾಡಬೇಕು ಅಂತ ನಿರ್ಧರಿಸೋಕೆ ಬಳಸಬಹುದು, ಅಷ್ಟೇ. ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಗುಂಪಾದ ಕ್ಯಾಲ್ ಸ್ಟೇಟ್‌ನ ಕಾಲೇಜುಗಳೂ 2022ರಲ್ಲಿ ಪರೀಕ್ಷೆಯನ್ನು ಬಿಟ್ಟವು. ಮನೆ ಹತ್ತಿರದ ಈ ಕಾಲೇಜುಗಳೇ ಸಾಕು ಅನ್ನುವ ಮಕ್ಕಳನ್ನೂ ಎಸ್‌ಎಟಿ ಕೋಚಿಂಗಿಗೆ ದೂಡುವ ತಂದೆ ತಾಯಿ ಇದ್ದಾರೆ. ಅದು ಸುಮ್ನೆ ದುಡ್ಡು ದಂಡ.

ಎರಡನೇ ಗುಂಪು, ಅಂಕ ಕೇಳಿಯೇ ಕೇಳುವವರು. ಕೋವಿಡ್ ಕಾಲದಲ್ಲಿ ಸಡಿಲಿಸಿದ್ದ ನಿಯಮವನ್ನು ಎಂಐಟಿ 2022ರಲ್ಲಿ ಮತ್ತೆ ಬಿಗಿ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಕೂಡ ಅದೇ ದಾರಿ ಹಿಡಿದವು. ಆಗ ಯೇಲ್ ಒಂದು ಕಿಂಡಿ ಬಿಟ್ಟಿತು: ಎಸ್‌ಎಟಿ ಅಥವಾ ಎಸಿಟಿಯ (ಎಸ್‌ಎಟಿಯಂಥದ್ದೇ ಇನ್ನೊಂದು ಪರೀಕ್ಷೆ) ಬದಲು ಎಪಿ ಅಥವಾ ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮದ ಪರೀಕ್ಷೆ) ಅಂಕ ಕೊಡಬಹುದು. ಆದರೆ ಎಪಿ ಕೊಡುವುದಾದರೆ ಬರೆದ ಎಲ್ಲ ವಿಷಯಗಳ ಅಂಕವನ್ನೂ ಕೊಡಬೇಕು, ಚೆನ್ನಾಗಿ ಬಂದದ್ದನ್ನು ಮಾತ್ರ ಹೆಕ್ಕಿ ಕೊಡುವ ಹಾಗಿಲ್ಲ. ಮಗಳಿಗೆ ಎಪಿಗಳಲ್ಲೆಲ್ಲ 5 ಬಂದಿದ್ದರೆ 1410ಕ್ಕಿಂತ ಅದೇ ವಾಸಿ. ಅರ್ಜಿ ತುಂಬುವ ಮುಂಚೆ ಆ ವರ್ಷದ ನಿಯಮವನ್ನು ಯೇಲ್‌ನ ಪುಟದಲ್ಲೇ ಓದಿಕೊಳ್ಳಿ.

ಮೂರನೆಯದು ನಿಜವಾದ ಆಪ್ಷನಲ್ ಗುಂಪು. ಕನ್ನಡ ಕೂಟದ ಮಾತನ್ನು ತೂಗಿ ನೋಡಬೇಕಾದದ್ದು ಇಲ್ಲಿ ಮಾತ್ರ. ಡಾರ್ಟ್‌ಮತ್ ನಿಯಮ ಬದಲಿಸುವ ಮುಂಚೆ ತನ್ನದೇ ಅರ್ಜಿಗಳನ್ನು ಅಧ್ಯಯನ ಮಾಡಿಸಿತ್ತು. ಅನುಕೂಲ ಕಡಿಮೆ ಇರುವ ಮನೆಗಳ ಮಕ್ಕಳು 1400ರ ಆಸುಪಾಸಿನ ಅಂಕವನ್ನು ‘ಸಾಲದು’ ಅಂತ ಬಚ್ಚಿಡುತ್ತಿದ್ದರು. ಕಳಿಸಿದ್ದರೆ ಅವರಿಗೆ ಲಾಭವಾಗುತ್ತಿತ್ತು ಅಂತ ಅದರಿಂದ ಗೊತ್ತಾಯಿತು. ಯಾಕೆಂದರೆ ಅಂಕವನ್ನು ಆ ಮಗು ಓದಿದ ಶಾಲೆಯ ಜೊತೆ ಇಟ್ಟು ನೋಡುತ್ತಾರೆ. ಎಲ್ಲರೂ 1000 ತೆಗೆಯುವ ಶಾಲೆಯಲ್ಲಿ 1400 ದೊಡ್ಡ ಮಾತು. ಫ್ರೀಮಾಂಟ್‌ನ ಶಾಲೆಗಳಲ್ಲಿ ಹಾಗಲ್ಲ, ಇದು ನಿಮಗೂ ಗೊತ್ತು. ಹಾಗಾಗಿ ಅದೇ ಲೆಕ್ಕ ನಿಮ್ಮ ಮಗಳಿಗೆ ತಿರುಗಿ ಬೀಳುತ್ತದೆ.

ಬಹುತೇಕ ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಅನ್ನುವ ದಾಖಲೆ ಪ್ರಕಟಿಸುತ್ತವೆ. ಅದರ ಸಿ9 ಭಾಗದಲ್ಲಿ ಸೇರಿದ ಮಕ್ಕಳ ಎಸ್‌ಎಟಿ ಅಂಕ ಇರುತ್ತದೆ, 25 ಮತ್ತು 75ನೇ ಪರ್ಸೆಂಟೈಲ್ ಸಮೇತ. (25ನೇ ಪರ್ಸೆಂಟೈಲ್ ಅಂದರೆ ನೂರರಲ್ಲಿ 25 ಮಕ್ಕಳು ಅದಕ್ಕಿಂತ ಕಡಿಮೆ ತೆಗೆದಿದ್ದ ಅಂಕ.) ಎಷ್ಟು ಜನ ಅಂಕ ಕೊಟ್ಟಿದ್ದರು ಅನ್ನುವುದೂ ಅಲ್ಲೇ ಇದೆ. ಅದನ್ನು ಮರೆಯದೆ ನೋಡಿ. ಜಾಸ್ತಿ ಬಂದವರು ಮಾತ್ರ ಅಂಕ ಕಳಿಸಿರುವ ಕಡೆ ಸಂಖ್ಯೆ ಉಬ್ಬಿರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟು: 1410 ಆ 25ನೇ ಪರ್ಸೆಂಟೈಲ್‌ಗಿಂತ ಮೇಲಿದ್ದರೆ ಕಳಿಸಿ, ಕೆಳಗಿದ್ದರೆ ಬೇಡ. ಆಗಸ್ಟ್ ಅಥವಾ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬರೆಯಲಿ. ಗಣಿತದಲ್ಲಿ ಒಂದು ಸಲ, ಇಂಗ್ಲಿಷ್‌ನಲ್ಲಿ ಇನ್ನೊಂದು ಸಲ ಒಳ್ಳೆಯ ಅಂಕ ಬಂದರೆ ಎರಡನ್ನೂ ಕೂಡಿಸಿ ನೋಡುವ ಕಾಲೇಜುಗಳು ಬೇಕಾದಷ್ಟಿವೆ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿ 10ನೇ ತರಗತಿ. ನಾವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಅವನು ಅವಲಂಬಿತರ ಎಚ್-4 ವೀಸಾದಲ್ಲಿ. ಪಿಎಸ್‌ಎಟಿ (ಎಸ್‌ಎಟಿಗೂ ಮುಂಚೆ ಬರೆಯುವ, ಅದರಂಥದ್ದೇ ಪರೀಕ್ಷೆ) ಚೆನ್ನಾಗಿ ಬರೆದರೆ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸಿಗುತ್ತಾ?

ಉತ್ತರ: ವೀಸಾ ಅಡ್ಡ ಬರುತ್ತಾ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲೇ ಹೈಸ್ಕೂಲು ಓದುತ್ತಿರುವವರು ಆ ಸ್ಪರ್ಧೆಗೆ ಸೇರಬಹುದು, ಪೌರತ್ವ ಅಥವಾ ಗ್ರೀನ್ ಕಾರ್ಡಿನ ಷರತ್ತು ಇರುವುದು ಅಮೆರಿಕದ ಹೊರಗೆ ಓದುವವರಿಗೆ.   ಸಂದೇಹ ಇದ್ದರೆ ಶಾಲೆಯ ಕೌನ್ಸೆಲರ್ ಮೂಲಕ ಸ್ಕಾಲರ್‌ಶಿಪ್ ನಡೆಸುವ ಸಂಸ್ಥೆಯನ್ನೇ ಕೇಳಿಸಿ.

ಇನ್ನು ಇದನ್ನು ತಿಳಿದಿರಿ. ಲೆಕ್ಕಕ್ಕೆ ಬರುವುದು 11ನೇ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ ಮಾತ್ರ, ಈ ವರ್ಷದ್ದು ಬರೀ ಅಭ್ಯಾಸ. ಅದರಲ್ಲಿ ಇಂಗ್ಲಿಷ್ ಅಂಕವನ್ನು ಎರಡು ಸಲ ಕೂಡಿಸಿ, ಗಣಿತದ್ದನ್ನು ಒಂದು ಸಲ ಸೇರಿಸಿ, ಹತ್ತರಿಂದ ಭಾಗಿಸುತ್ತಾರೆ. ಇಂಗ್ಲಿಷ್ 680, ಗಣಿತ 760 ಬಂದರೆ 212. ಅದನ್ನೇ ತಿರುಗಿಸಿ ಇಂಗ್ಲಿಷ್ 760, ಗಣಿತ 680 ಅಂದರೆ 220! ಒಟ್ಟು ಎರಡೂ ಕಡೆ 1440. ಕಟ್‌ಆಫ್ ರಾಜ್ಯಕ್ಕೊಂದು, ನಿಮ್ಮ ನ್ಯೂಜೆರ್ಸಿಯದು ಸಾಮಾನ್ಯವಾಗಿ ದೇಶದಲ್ಲೇ ಎತ್ತರದ ಸಾಲಿನಲ್ಲಿರುತ್ತದೆ. ಗಣಿತ ಟ್ಯೂಷನ್‌ಗೆ ಓಡಿಸುವ ನಮ್ಮವರು ಇದನ್ನು ಗಮನಿಸಬೇಕು. ಆ ಸಂಸ್ಥೆ ತಾನೇ ಕೊಡುವುದು ಒಂದು ಸಲಕ್ಕೆ 2,500 ಡಾಲರ್. ದೊಡ್ಡ ಮೊತ್ತ ಬರುವುದು ಫೈನಲಿಸ್ಟ್‌ಗಳನ್ನು ಕರೆದು ಸೇರಿಸಿಕೊಳ್ಳುವ ಯೂನಿವರ್ಸಿಟಿಗಳಿಂದ. ಯೂನಿವರ್ಸಿಟಿ ಆಫ್ ಅಲಬಾಮಾ, ಯೂನಿವರ್ಸಿಟಿ ಆಫ್ ಟೆಕ್ಸಾಸ್ ಅಟ್ ಡಲ್ಲಾಸ್ ಇದಕ್ಕೆ ಹೆಸರಾಗಿವೆ.

ಪ್ರಶ್ನೆ: ಸರ್, ನಾನು ಟೆಕ್ಸಾಸ್‌ನ ಪ್ಲೇನೊದಲ್ಲಿ 12ನೇ ತರಗತಿ. ಒಟ್ಟು ಒಂಬತ್ತು ಎಪಿ ಆಗುತ್ತವೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಮಾಡಬೇಕು. ಕ್ರೆಡಿಟ್ (ಆ ಕೋರ್ಸು ಮುಗಿಸಿದಂತೆ ಕಾಲೇಜು ಒಪ್ಪಿಕೊಳ್ಳುವ ಲೆಕ್ಕ) ಎಲ್ಲ ತಗೊಂಡು ಮೂರೇ ವರ್ಷದಲ್ಲಿ ಮುಗಿಸು ಅಂತಾರೆ ಅಪ್ಪ. ಆಗುತ್ತಾ?

ಉತ್ತರ: ನಿಮ್ಮ ಅಪ್ಪನ ಲೆಕ್ಕ ಪೂರ್ತಿ ತಪ್ಪಲ್ಲ. ಎಪಿಯಲ್ಲಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರ್ಕಾರಿ ಕಾಲೇಜುಗಳು ಕ್ರೆಡಿಟ್ ಕೊಡಬೇಕು ಅಂತ ಟೆಕ್ಸಾಸ್‌ನಲ್ಲಿ ಕಾನೂನೇ ಇದೆ. ಹೆಚ್ಚಿನ ಅಂಕ ಯಾಕೆ ಬೇಕು ಅನ್ನುವುದಕ್ಕೆ ಆಧಾರ ತೋರಿಸಿದರೆ ಮಾತ್ರ ಕಾಲೇಜು ಜಾಸ್ತಿ ಕೇಳಬಹುದು. ಈ ಭಾಗ್ಯ ಎಲ್ಲ ಕಡೆ ಇಲ್ಲ. ಬ್ರೌನ್, ಡಾರ್ಟ್‌ಮತ್‌ನಲ್ಲಿ ಎಪಿಯಿಂದ ಮೇಲಿನ ಕೋರ್ಸಿಗೆ ಹೋಗಬಹುದು, ಪದವಿಯ ಲೆಕ್ಕಕ್ಕೆ ಕ್ರೆಡಿಟ್ ಇಲ್ಲ. ಎಂಐಟಿ ಮಾತ್ರ, ‘ಕ್ಯಾಲ್ಕುಲಸ್ ಬಿಸಿ’ ಅನ್ನುವ ಎಪಿಯಲ್ಲಿ 5 ಬಂದರೆ, ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ ಕೊಡುತ್ತದೆ.

ಆದರೆ ಕ್ರೆಡಿಟ್ ಸಿಗುವುದೇ ಬೇರೆ, ವರ್ಷ ಉಳಿಯುವುದೇ ಬೇರೆ. ಟೆಕ್ಸಾಸ್‌ನಲ್ಲಿ ಪದವಿ ಓದುವ ಎಲ್ಲರೂ 42 ಕ್ರೆಡಿಟ್ ಗಂಟೆಗಳಷ್ಟು ಕಡ್ಡಾಯ ಕೋರ್ ಕೋರ್ಸುಗಳನ್ನು ಮುಗಿಸಬೇಕು. ಇಂಗ್ಲಿಷ್, ಇತಿಹಾಸ, ಸರ್ಕಾರ ಇತ್ಯಾದಿ. ನಿಮ್ಮ ಎಪಿಗಳಲ್ಲಿ ಹಲವು ಅಲ್ಲಿಗೆ ಹೋಗುತ್ತವೆ. ಎಂಜಿನಿಯರಿಂಗ್ ವಿಷಯಗಳು ಮಾತ್ರ ಒಂದರ ಹಿಂದೆ ಒಂದು ಸರಪಳಿ. ಈ ಸೆಮಿಸ್ಟರ್‌ನದು ಮುಗಿಯದೆ ಮುಂದಿನದು ತೆಗೆದುಕೊಳ್ಳೋಕೆ ಆಗಲ್ಲ. ಹಾಗಾಗಿ ಕ್ರೆಡಿಟ್ ಎಷ್ಟಿದ್ದರೂ ಎಂಜಿನಿಯರಿಂಗ್‌ನಲ್ಲಿ ಮೂರು ವರ್ಷ ಕಷ್ಟ. ಒಂದು ಸೆಮಿಸ್ಟರ್ ಉಳಿದರೆ ಅದೇ ಒಳ್ಳೆಯ ಲಾಭ. ಇಂಟರ್ನ್‌ಶಿಪ್‌ಗೆ ಜಾಗ ಸಿಗುತ್ತೆ, ಒಂದೊಂದು ಸೆಮಿಸ್ಟರ್‌ನ ಹೊರೆಯೂ ಇಳಿಯುತ್ತೆ.

ಇತಿಹಾಸ, ಇಂಗ್ಲಿಷ್ ಕ್ರೆಡಿಟ್ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕ್ಯಾಲ್ಕುಲಸ್, ಫಿಸಿಕ್ಸ್ ವಿಷಯದಲ್ಲಿ ನಿಧಾನ. ಆ ಯೂನಿವರ್ಸಿಟಿಯ ಕ್ಯಾಲ್ಕುಲಸ್ 2ರ ಹಳೆಯ ಫೈನಲ್ ಪ್ರಶ್ನೆಪತ್ರಿಕೆ ಹುಡುಕಿ, ಗಡಿಯಾರ ಇಟ್ಟುಕೊಂಡು ಬರೆಯಿರಿ. ಆರಾಮಾಗಿ ಆದರೆ ಕ್ಯಾಲ್ಕುಲಸ್ 3ಕ್ಕೆ ಹಾರಿ. ತಡವರಿಸಿದರೆ ಕ್ಯಾಲ್ಕುಲಸ್ 2 ಅಲ್ಲೇ ಓದಿ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಲ್ಲಂತೂ ಕ್ರೆಡಿಟ್ ತಾನಾಗಿ ಸೇರುವುದಿಲ್ಲ, ನೀವೇ ಕೇಳಿ ತೆಗೆದುಕೊಳ್ಳಬೇಕು. ಹಾಗಾಗಿ ಬೇಕಾದದ್ದನ್ನು ಮಾತ್ರ ಕೇಳಬಹುದು.

ಇನ್ನೆರಡು ಮಾತು. ಮುಂದೆ ಮೆಡಿಕಲ್ ಓದುವ ಯೋಚನೆ ಇದ್ದರೆ ಎಪಿ ಕ್ರೆಡಿಟ್ ಇದೆ ಅಂತ ಕಾಲೇಜಿನಲ್ಲಿ ಬಯಾಲಜಿ, ಕೆಮಿಸ್ಟ್ರಿಯನ್ನು ಬಿಡಬೇಡಿ, ಆ ಕ್ರೆಡಿಟ್ ಒಪ್ಪದ ಮೆಡಿಕಲ್ ಕಾಲೇಜುಗಳು ಇವೆ. ಮತ್ತೆ, ಜೂನ್ 20ರೊಳಗೆ ಕಾಲೇಜಿನ ಹೆಸರು ಕೊಟ್ಟರೆ ಒಂದು ಕಡೆಗೆ ಎಪಿ ಅಂಕ ಪುಕ್ಕಟೆ ಹೋಗುತ್ತದೆ.

ಪ್ರಶ್ನೆ: ಮಗ ಮೈಸೂರಿನಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಎಸ್‌ಎಟಿಯಲ್ಲಿ 1550 ತೆಗೆದರೆ ಅಮೆರಿಕದಲ್ಲಿ ಫುಲ್ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತಾರೆ ಒಬ್ಬ ಕನ್ಸಲ್ಟೆಂಟ್. ನಿಜವೇ?

ಉತ್ತರ: ಇಲ್ಲ. ದುಡ್ಡು ಕೊಟ್ಟಿಲ್ಲ ತಾನೇ?

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಲ್ಲಿ ಅಂಕಕ್ಕೆ ಸ್ಕಾಲರ್‌ಶಿಪ್ ಅನ್ನುವುದೇ ಇಲ್ಲ, 1600 ಬಂದರೂ ಇಲ್ಲ. ಅಲ್ಲಿ ಸಿಗುವುದು ಮನೆಯ ಆದಾಯ ನೋಡಿ ಕೊಡುವ ನೆರವು. ವಿದೇಶಿ ವಿದ್ಯಾರ್ಥಿಗಳಿಗೂ ಪೂರ್ತಿ ಕೊಡುತ್ತಾರೆ. ನಿಮಗೆ ಕಟ್ಟುವ ಶಕ್ತಿ ಇದೆಯಾ ಇಲ್ಲವಾ ಅನ್ನುವುದನ್ನು ಪ್ರವೇಶದ ತೀರ್ಮಾನಕ್ಕೆ ತರುವುದಿಲ್ಲ. ಆದರೆ ಒಳಗೆ ಹೋಗುವುದೇ ಬಹಳ ಕಷ್ಟ. ಅಂಕ ನೋಡಿ ದುಡ್ಡು ಕೊಡುವುದು ಹೆಚ್ಚಾಗಿ ಅಷ್ಟೊಂದು ಹೆಸರಿಲ್ಲದ ಖಾಸಗಿ ಮತ್ತು ಸರ್ಕಾರಿ ಯೂನಿವರ್ಸಿಟಿಗಳು. ಕೆಲವು ಕಡೆ ಇಷ್ಟು ಅಂಕಕ್ಕೆ ಇಷ್ಟು ಡಾಲರ್ ಅಂತ ಪಟ್ಟಿಯನ್ನೇ ಹಾಕಿರುತ್ತಾರೆ. ಹಾಗೆ ಸಿಕ್ಕಿದ್ದು ಬೋಧನಾ ಶುಲ್ಕದ ಒಂದು ಭಾಗಕ್ಕೇ ಮುಗಿಯಬಹುದು, ಊಟ, ವಸತಿ ನಿಮ್ಮ ಮೇಲೇ ಬೀಳುತ್ತದೆ. ‘ಭಾರತೀಯ ವಿದ್ಯಾರ್ಥಿಗೆ ಇದು ಅನ್ವಯಿಸುತ್ತಾ? ನಾಲ್ಕೂ ವರ್ಷ ಬರುತ್ತಾ? ಎಷ್ಟು ಜಿಪಿಎ (ಸರಾಸರಿ ಗ್ರೇಡ್) ಉಳಿಸಿಕೊಳ್ಳಬೇಕು?’ ಈ ಮೂರನ್ನು ಯೂನಿವರ್ಸಿಟಿಗೇ ಇಮೇಲ್ ಮಾಡಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಎಪಿ ಬರೆಯದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಅಂತ ಏನೂ ಇಲ್ಲ. ಅವನ ಶಾಲೆಯಲ್ಲಿ ಏನಿತ್ತೋ ಅದರ ಮೇಲೆ ಅಳೆಯುತ್ತಾರೆ. ದಿನಾಂಕಗಳ ಕಡೆ ಮಾತ್ರ ಗಮನ ಇರಲಿ. ಬಹಳ ಕಾಲೇಜುಗಳ ಅರ್ಲಿ ಅರ್ಜಿಗೆ ನವೆಂಬರ್ 1, ರೆಗ್ಯುಲರ್‌ಗೆ ಜನವರಿ ಮೊದಲ ವಾರ ಕೊನೆ. ಪಿಯುಸಿ ಪರೀಕ್ಷೆ, ಸಿಇಟಿ, ಜೆಇಇ ಎಲ್ಲ ಅದರ ಆಮೇಲೆ ಒಂದರ ಮೇಲೊಂದು ಬರುತ್ತವೆ. ಎಸ್‌ಎಟಿಯನ್ನು ಆಗಸ್ಟ್‌ನಲ್ಲಿ ಒಂದು ಸಲ, ಬೇಕಾದರೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬರೆಸಿ ಅಲ್ಲಿಗೆ ನಿಲ್ಲಿಸಿ.