ಸೋತವರ ದುಡ್ಡು ಎಲ್ಲಿ ಹೋಯಿತು?

ಪತ್ರ: ಇಲ್ಲಿ ನ್ಯೂಜೆರ್ಸಿಯಲ್ಲಿ ನಾವು ದಿನಾ ಸಂಜೆ ತಪ್ಪದೆ ‘ಜೆಪರ್ಡಿ’ ಕ್ವಿಜ್ ನೋಡುತ್ತೇವೆ. ಅರವತ್ತರ ದಶಕದಲ್ಲಿ ಅದು ಶುರುವಾದಾಗ ಮೂವರು ಸ್ಪರ್ಧಿಗಳೂ ತಾವು ಗಳಿಸಿದ ಹಣವನ್ನು ಮನೆಗೆ ಒಯ್ಯುತ್ತಿದ್ದರಂತೆ. 1984ರಲ್ಲಿ ಮತ್ತೆ ಶುರು ಮಾಡಿದಾಗ ಗೆದ್ದವರಿಗೆ ಮಾತ್ರ ಹಣ ಅಂತ ಮಾಡಿದರು. ಒಳ್ಳೆಯದೇ ಆಯಿತು, ಅಲ್ವಾ? ಸೋತವರಿಗೂ ದುಡ್ಡು ಕೊಟ್ಟರೆ ಅದೆಂಥ ಆಟ? ಕನ್ನಡದಲ್ಲಿ ಇಂಥದ್ದು ಬಂದರೆ ನೀವು ಯಾವ ನಿಯಮ ಇಡುತ್ತೀರಿ?
– ಓದುಗರೊಬ್ಬರು, ನ್ಯೂಜೆರ್ಸಿ

ಸಂಪಾದಕರ ಉತ್ತರ: ನಿಮ್ಮ ಪರವಾದ ಮಾತು ಮೊದಲು ಹೇಳಿಬಿಡುತ್ತೇನೆ. ಹಳೆಯ ನಿಯಮದಲ್ಲಿ ಒಂದು ತೊಡಕಿತ್ತು. ಸಾಕಷ್ಟು ಹಣ ಬಂತು ಅನ್ನಿಸಿದ ಕೂಡಲೇ ಕೆಲವರು ಬಝರ್ ಒತ್ತುವುದನ್ನೇ ಬಿಡುತ್ತಿದ್ದರು. ಕೊನೆಯ ಸುತ್ತಿನಲ್ಲಿ ಗಳಿಸಿದ್ದನ್ನು ಪಣಕ್ಕೂ ಇಡುತ್ತಿರಲಿಲ್ಲ. ನೋಡುವವರಿಗೆ ಸಪ್ಪೆ. ಸರಿ, ಒಪ್ಪಿದೆ.

ಆದರೆ ಸ್ವಾಮಿ, ಅದಕ್ಕೆ ಕಂಡುಕೊಂಡ ಮದ್ದು ನೋಡಿ. ಮೂವರೂ ಒಂದೇ ಹೊತ್ತು ನಿಂತು ಆಡುತ್ತಾರೆ. ಮೂವರೂ ಉತ್ತರ ಹೇಳುತ್ತಾರೆ. ಇಬ್ಬರ ಗಳಿಕೆಯನ್ನು ಕೊನೆಗೆ ಅಳಿಸಿಬಿಡುತ್ತಾರೆ. ಗದ್ದೆಯಲ್ಲಿ ಮೂವರು ನಾಟಿ ಮಾಡಿದ ಮೇಲೆ ಜಾಸ್ತಿ ನೆಟ್ಟವಳಿಗಷ್ಟೇ ಕೂಲಿ ಕೊಟ್ಟ ಹಾಗಾಯಿತು ಇದು.

1964ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಆರ್ಟ್ ಫ್ಲೆಮಿಂಗ್ ನಡೆಸಿಕೊಡುತ್ತಿದ್ದಾಗ ಮೊದಲ ಸುತ್ತಿನ ಪ್ರಶ್ನೆಗಳ ಬೆಲೆ 10ರಿಂದ 50 ಡಾಲರ್. ಪುಟ್ಟ ಮೊತ್ತವೇ. ಆದರೆ ಯಾರು ಗಳಿಸಿದರೋ ಅವರದ್ದೇ. ಅಲೆಕ್ಸ್ ಟ್ರೆಬೆಕ್ ನಿರೂಪಕರಾಗಿ ಬಂದಾಗ, ಅಂದರೆ 1984ರಲ್ಲಿ, ಅದು 100ರಿಂದ 500 ಡಾಲರ್ ಆಯಿತು. ಹತ್ತು ಪಟ್ಟು! ಅಂಕಿ ದೊಡ್ಡದು ಮಾಡುವುದು ಕಷ್ಟವಲ್ಲ, ಕೊಡುವುದು ಒಬ್ಬರಿಗೇ ತಾನೆ. 2001ರಲ್ಲಿ ಇನ್ನೊಮ್ಮೆ ದುಪ್ಪಟ್ಟು ಮಾಡಿದರು. ಸೋತ ಇಬ್ಬರಿಗೆ ಬಹಳ ಕಾಲ ಏನೇನೋ ಸಾಮಾನು ಕೊಡುತ್ತಿದ್ದರು. 2002ರಿಂದ ಎರಡನೆಯವರಿಗೆ 2000 ಡಾಲರ್, ಮೂರನೆಯವರಿಗೆ 1000. ಇಬ್ಬರಿಗೂ ಇನ್ನೊಂದೊಂದು ಸಾವಿರ ಸೇರಿಸಲು 2023 ಬರಬೇಕಾಯಿತು. ಮೊದಲ ಸಲ ಆಡಲು ಬರುವವರು ಲಾಸ್ ಏಂಜಲೀಸ್‌ಗೆ ಬರುವ ಖರ್ಚು, ಹೋಟೆಲ್ ಖರ್ಚು ಎಲ್ಲ ಸಾಮಾನ್ಯವಾಗಿ ತಾವೇ ಹಾಕಿಕೊಳ್ಳಬೇಕು. ತನ್ನ ಮುಂದಿನ ಫಲಕದಲ್ಲಿ 18,000 ಅಂತ ಮಿನುಗಿದ್ದರೂ ಎರಡನೆಯವರ ಕೈಗೆ ಸಿಗುವುದು ಆ ಚಿಲ್ಲರೆ.

ಒಬ್ಬರು ಐದು ದಿನಕ್ಕಿಂತ ಜಾಸ್ತಿ ಆಡಬಾರದು ಅನ್ನುವ ಮಿತಿಯನ್ನೂ 2003ರಲ್ಲಿ ತೆಗೆದರು. ಮರುವರ್ಷವೇ ಕೆನ್ ಜೆನ್ನಿಂಗ್ಸ್ ಸತತ 74 ಆಟ ಗೆದ್ದು 25 ಲಕ್ಷ ಡಾಲರ್ ದಾಟಿದರು. ನೀವು ಅವರ ಅಭಿಮಾನಿ ಇರಬಹುದು, ನಾನೂ ಹೌದು. ಆದರೆ ಎದುರು ನಿಂತು ಸೋತ ನೂರೈವತ್ತರ ಹತ್ತಿರ ಜನರಲ್ಲಿ ಒಬ್ಬರ ಹೆಸರಾದರೂ ನಿಮಗೆ ನೆನಪಿದೆಯೇ? ಅವರಿಲ್ಲದೆ ಆ ಆಟ ಎಲ್ಲಿತ್ತು?

ನಮ್ಮ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲೂ ಇದೇ ಚಾಳಿ. ದೊಡ್ಡ ಬಹುಮಾನ 2000ದಲ್ಲಿ 1 ಕೋಟಿ. 2005ರಲ್ಲಿ 2, 2011ರಲ್ಲಿ 5, 2013ರಲ್ಲಿ 7 ಕೋಟಿ. ಮೇಲಿನ ಮೆಟ್ಟಿಲು ಎತ್ತರವಾದಷ್ಟೂ ಜಾಹೀರಾತಿಗೆ ಚೆಂದ. ಅಲ್ಲಿಗೆ ಹತ್ತಿದವರು ಎಷ್ಟು ಮಂದಿ ಅಂತ ಯಾರು ಕೇಳುತ್ತಾರೆ? ಅದರ ಬ್ರಿಟಿಷ್ ಮೂಲವನ್ನು 2018ರಲ್ಲಿ ಮತ್ತೆ ತಂದಾಗ ಮಾಡಿದ ಒಂದು ಬದಲಾವಣೆ ಮಾತ್ರ ನನಗೆ ತುಂಬಾ ಹಿಡಿಸಿತು. ತಪ್ಪು ಉತ್ತರ ಕೊಟ್ಟರೂ ಅಲ್ಲಿಯವರೆಗಿನ ಹಣ ಕೈಬಿಟ್ಟು ಹೋಗದ ಎರಡನೇ ಹಂತ ಎಲ್ಲಿರಬೇಕು ಅಂತ ಆಡುವವರೇ ನಿರ್ಧರಿಸಬಹುದು. ಆಡುವವರ ಕಡೆಯಿಂದ ಯೋಚಿಸಿದ ನಿಯಮ ಅಂದರೆ ಅದು.

ಟಿವಿಯವರನ್ನಷ್ಟೇ ಯಾಕೆ ಬೈಯಬೇಕು? ನಮ್ಮ ಸಾಹಿತ್ಯ ಲೋಕ ಏನು ಕಮ್ಮಿ? ಹಿಂದೊಮ್ಮೆ ಒಂದು ಸಂಘದ ಕಥಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಮೊದಲ ಬಹುಮಾನಕ್ಕೆ ದುಡ್ಡು. ಉಳಿದಿಬ್ಬರಿಗೆ ಪ್ರಮಾಣಪತ್ರ, ಒಂದು ನೆನಪಿನ ಕಾಣಿಕೆ. ಮೂರನೇ ಬಹುಮಾನದ ಹುಡುಗಿ ಬೀದರ್‌ನಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದಳು. ಬಸ್ ಚಾರ್ಜೂ ಕೊಡಲಿಲ್ಲ. ವೇದಿಕೆ ಮೇಲಿದ್ದ ನಮಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ! ಮೂರೂ ಕಥೆಗಳನ್ನು ತಮ್ಮ ಸಂಚಿಕೆಯಲ್ಲಿ ಅಚ್ಚು ಹಾಕಿಕೊಂಡರು. ಕೇಳಿದರೆ, ‘ಪ್ರಚಾರ ಸಿಗ್ತಲ್ಲ ಸಾರ್’ ಅಂದರು.

ಕನ್ನಡದಲ್ಲಿ ನನ್ನ ನಿಯಮ ಏನು ಅಂದಿರಿ. ಗಳಿಸಿದ್ದು ಗಳಿಸಿದವರಿಗೇ. ಗೆದ್ದವರಿಗೆ ಅದರ ಮೇಲೆ ದೊಡ್ಡ ಬೋನಸ್, ಮರುದಿನ ಆಡುವ ಅವಕಾಶ. ಬಝರ್ ಒತ್ತದೆ ಸುಮ್ನೆ ನಿಂತವರಿಗೆ ಗಳಿಕೆಯಲ್ಲಿ ಒಂದಿಷ್ಟು ಕಡಿತ. ಅಷ್ಟರಿಂದಲೇ ನಿಮ್ಮ ಸಪ್ಪೆ ಆಟಕ್ಕೆ ಖಾರ ಬರುತ್ತದೆ. ಪೂರ್ತಿ ಕಿತ್ತುಕೊಳ್ಳಬೇಕಿಲ್ಲ.

ಅಂದ ಹಾಗೆ, ಅಚ್ಚಾದ ಪತ್ರಗಳಿಗೂ ನಮ್ಮಲ್ಲಿ ಸಣ್ಣ ಸಂಭಾವನೆ ಇದೆ. ನಾನು ಒಪ್ಪದ ಪತ್ರಗಳಿಗೂ ಅಷ್ಟೇ. ಬ್ಯಾಂಕ್ ವಿವರ ಕಳಿಸಿಕೊಡಿ.